ಕತೆಯ ಗಡಿಯನ್ನು ಗುರುತಿಸುವವರು ಯಾರು?

ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಪತ್ತೇದಾರಿ, ಐತಿಹಾಸಿಕ, ಸಾಮಾಜಿಕ ಎಂದು ಬೇರೆ ಬೇರೆ ಕಪಾಟುಗಳಲ್ಲಿ ಜೋಡಿಸಿರುವುದನ್ನು ನೀವು ನೋಡಿದ್ದೀರಿ. ಈ ವಿಂಗಡಣೆ ಮಾಡಿದವರು ಯಾರು? ವಿಮರ್ಶಕರು, ಪ್ರಕಾಶಕರು ಎಂದು ನೀವು ಹೇಳಬಹುದು. ಅದು ಅರ್ಧ ಉತ್ತರ ಮಾತ್ರ. ಸಾಹಿತ್ಯ ಪ್ರಕಾರವೊಂದರ ಗಡಿಯನ್ನು ಹಾಕುವುದರಲ್ಲಿ, ಹಾಕಿದ ಗಡಿಯನ್ನು ಕಾಯುವುದರಲ್ಲಿ ಓದುಗರ ಪಾಲು ದೊಡ್ಡದು. ಇದನ್ನು ಇಂಗ್ಲಿಷಿನ ಎರಡು ಜನಪ್ರಿಯ ಪ್ರಕಾರಗಳ ಮೂಲಕ ನೋಡೋಣ. ಒಂದು ರೊಮಾನ್ಸ್ ಕಾದಂಬರಿ. ಇನ್ನೊಂದು ‘ಸ್ಲ್ಯಾಷ್’ ಎಂಬ ಹೆಸರಿನ ಅಭಿಮಾನಿಗಳ ಕತೆ.

ಪ್ರೇಮ ಇದ್ದರೆ ಸಾಕೇ?

ಶೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ಪ್ರೇಮಕತೆ ಹೌದಲ್ಲವೇ? ಹೌದು. ಆದರೆ ಅದು ರೊಮಾನ್ಸ್ ಅಲ್ಲ ಎನ್ನುತ್ತಾರೆ ಆ ಪ್ರಕಾರದ ಓದುಗರು. ಎರಿಕ್ ಸೀಗಲ್ 1970ರಲ್ಲಿ ಪ್ರಕಟಿಸಿದ ‘ಲವ್ ಸ್ಟೋರಿ’ಯೂ ಅಲ್ಲ, ಏಕೆಂದರೆ ಅದರ ನಾಯಕಿ ಸಾಯುತ್ತಾಳೆ. 1813ರಲ್ಲಿ ಬಂದ ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಮಾತ್ರ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಅಮೆರಿಕದ ರೊಮಾನ್ಸ್ ಲೇಖಕರ ಸಂಘ ಎರಡು ಲಕ್ಷಣಗಳನ್ನು ಹೇಳಿತು: ಕತೆಯ ನಡುವೆ ಪ್ರೇಮವಿರಬೇಕು, ಕೊನೆ ಮನಸ್ಸಿಗೆ ತೃಪ್ತಿ ಕೊಡುವಂತೆ, ಭರವಸೆ ಮೂಡಿಸುವಂತೆ ಇರಬೇಕು.

ಇದು ಲೇಖಕರೇ ಕುಳಿತು ಮಾಡಿದ ಕಾನೂನಲ್ಲ. ಜಾನಿಸ್ ರಾಡ್ವೇ ಎಂಬ ಸಂಶೋಧಕಿ ಅಮೆರಿಕದ ಊರೊಂದರ ರೊಮಾನ್ಸ್ ಓದುಗರನ್ನು ಮಾತನಾಡಿಸಿ 1984ರಲ್ಲಿ ‘ರೀಡಿಂಗ್ ದ ರೊಮಾನ್ಸ್’ ಎಂಬ ಪುಸ್ತಕ ಬರೆದರು. ಆ ಓದುಗರೆಲ್ಲ ಮಹಿಳೆಯರು. ಅವರ ಉತ್ತರ ಸ್ಪಷ್ಟವಾಗಿತ್ತು. ಸುಖಾಂತ್ಯ ಇರಲೇಬೇಕು, ಪ್ರೇಮ ನಿಧಾನವಾಗಿ ಬೆಳೆಯಬೇಕು, ನಾಯಕಿಯನ್ನು ಹಿಂಸಿಸುವ ಕತೆ ಬೇಡ. ಕೊಳ್ಳುವ ಮೊದಲು ಕೊನೆಯ ಪುಟ ತಿರುವಿ ನೋಡುವವರೂ ಅವರಲ್ಲಿದ್ದರು. ಮನೆಗೆಲಸ, ಮಕ್ಕಳ ಪಾಲನೆಯ ನಡುವೆ ಆ ಓದಿನ ಹೊತ್ತೊಂದೇ ಅವರ ಸ್ವಂತದ್ದಾಗಿತ್ತು. ಅದು ಹಾಳಾಗಬಾರದೆಂಬ ಎಚ್ಚರ ಅವರಿಗಿತ್ತು.

ಕೊನೆ ಮೊದಲೇ ಗೊತ್ತಿದ್ದರೆ ಓದುವುದೇಕೆ ಎಂದು ನೀವು ಕೇಳಬಹುದು. ಯಕ್ಷಗಾನದಲ್ಲಿ ರಾವಣ ಸೋಲುತ್ತಾನೆಂದು ಗೊತ್ತಿದ್ದರೂ ನಮ್ಮ ಜನ ರಾತ್ರಿಯಿಡೀ ಕೂರುವುದಿಲ್ಲವೇ? ಅಲ್ಲಿ ‘ಏನಾಗುತ್ತದೆ’ ಎನ್ನುವುದಕ್ಕಿಂತ ‘ಹೇಗಾಗುತ್ತದೆ’ ಎಂಬುದು ಮುಖ್ಯ. ರೊಮಾನ್ಸ್ ಓದುಗರ ಕುತೂಹಲವೂ ಅಂಥದ್ದೇ.

ಒಂದು ಓರೆ ಗೀಟಿನ ಕತೆ

ಎರಡನೆಯ ಪ್ರಕಾರ ಹುಟ್ಟಿದ್ದು ದೂರದರ್ಶನದ ಪರದೆಯಿಂದ. ಅಮೆರಿಕದಲ್ಲಿ 1966ರಿಂದ 1969ರವರೆಗೆ ‘ಸ್ಟಾರ್ ಟ್ರೆಕ್’ ಎಂಬ ಧಾರಾವಾಹಿ ಪ್ರಸಾರವಾಯಿತು. ಅದರಲ್ಲಿ ಆಕಾಶನೌಕೆಯ ನಾಯಕ ಕರ್ಕ್, ಅವನ ಅಧಿಕಾರಿ ಸ್ಪಾಕ್ ಆಪ್ತ ಮಿತ್ರರು. ಧಾರಾವಾಹಿ ಮುಗಿದರೂ ಅಭಿಮಾನಿಗಳು ಹೊಸ ಕತೆ ಬರೆದು, ಸೈಕ್ಲೋಸ್ಟೈಲ್ ಮಾಡಿದ ಪುಟ್ಟ ಪತ್ರಿಕೆಗಳಲ್ಲಿ ಹಂಚಿಕೊಂಡರು. 1970ರ ದಶಕದಲ್ಲಿ ಕೆಲವರು, ಹೆಚ್ಚಾಗಿ ಮಹಿಳೆಯರು, ಈ ಇಬ್ಬರನ್ನು ಪ್ರೇಮಿಗಳಾಗಿ ಚಿತ್ರಿಸಿದರು.

ಈಗ ಓದುಗರಿಗೆ ಒಂದು ಗುರುತು ಬೇಕಾಯಿತು. ‘ಕರ್ಕ್ & ಸ್ಪಾಕ್’ ಎಂದಿದ್ದರೆ ಸ್ನೇಹದ ಕತೆ; ‘ಕರ್ಕ್/ಸ್ಪಾಕ್’ ಎಂದಿದ್ದರೆ ಪ್ರೇಮದ ಕತೆ. ಆ ಓರೆ ಗೀಟಿನ ಇಂಗ್ಲಿಷ್ ಹೆಸರೇ ಸ್ಲ್ಯಾಷ್. ಒಂದು ಸಣ್ಣ ಗೀಟು ಇಡೀ ಪ್ರಕಾರಕ್ಕೆ ಹೆಸರು ಕೊಟ್ಟಿತು! ಯಾವ ಪ್ರಕಾಶಕನೂ ಇದನ್ನು ಗೊತ್ತುಮಾಡಲಿಲ್ಲ. ಅಭಿಮಾನಿಗಳೇ ಕಟ್ಟಿದ, 2009ರಲ್ಲಿ ಎಲ್ಲರಿಗೂ ತೆರೆದ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಕತೆಗಳ ಭಂಡಾರದಲ್ಲಿ ಇಂದಿಗೂ ಇದೇ ಗುರುತುಗಳಿವೆ.

ಇಲ್ಲಿಯೂ ನಿರೀಕ್ಷೆಗಳಿವೆ. ಸನ್ನಿವೇಶ ಎಷ್ಟೇ ಹೊಸದಾಗಿರಲಿ, ಸ್ಪಾಕ್ ಸ್ಪಾಕ್‌ನಂತೆಯೇ ಮಾತನಾಡಬೇಕು. ಅವನ ಸ್ವಭಾವ ಕೆಟ್ಟರೆ ಓದುಗರು ಒಪ್ಪುವುದಿಲ್ಲ. ಕತೆಯಲ್ಲಿ ಸಾವು, ಹಿಂಸೆ ಇದ್ದರೆ ಮೊದಲೇ ಸೂಚಿಸಬೇಕೆಂದು ಹಲವರು ಬಯಸುತ್ತಾರೆ. ಗಡಿಯ ಬಗ್ಗೆ ಜಗಳವೂ ಉಂಟು. ಮೂಲ ಕತೆಯಲ್ಲೇ ಇಬ್ಬರು ಗಂಡಸರು ಪ್ರೇಮಿಗಳಾಗಿದ್ದರೆ, ಅವರ ಬಗ್ಗೆ ಬರೆದದ್ದು ಸ್ಲ್ಯಾಷ್ ಆಗುತ್ತದೆಯೇ? ಕೆಲವರು ಹೌದೆನ್ನುತ್ತಾರೆ. ಮೂಲದಲ್ಲಿ ಹೇಳದೆ ಬಿಟ್ಟದ್ದನ್ನು ಓದುಗರು ಕಂಡುಕೊಂಡಾಗ ಮಾತ್ರ ಅದು ಸ್ಲ್ಯಾಷ್ ಎಂಬುದು ಇನ್ನು ಕೆಲವರ ವಾದ.

ಕಾಮನಬಿಲ್ಲನ್ನು ನೆನೆಸಿಕೊಳ್ಳಿ. ಹಳದಿ ಮುಗಿದು ಹಸಿರು ಆರಂಭವಾಗುವ ಗೆರೆಯನ್ನು ಯಾರೂ ತೋರಿಸಲಾರರು. ಬೆಳಕಿನ ತರಂಗಾಂತರ ಎಲ್ಲಿಯೂ ತುಂಡಾಗದೆ ಬದಲಾಗುತ್ತ ಹೋಗುತ್ತದೆ. ಆದರೂ ಹಳದಿ, ಹಸಿರು ಎಂಬ ಹೆಸರುಗಳಿಂದ ನಮಗೆ ಉಪಯೋಗವಿದೆ. ಪ್ರಕಾರಗಳ ಗಡಿಯೂ ಹಾಗೆಯೇ.

ಸುಖಾಂತ್ಯ ಯಾರಿಗೆ?

ಇದೆಲ್ಲ ಬರಿಯ ಮನರಂಜನೆಯ ಮಾತಲ್ಲವೇ ಎನ್ನಬೇಡಿ. ‘ಎ ಪ್ಯಾಸೇಜ್ ಟು ಇಂಡಿಯಾ’ ಬರೆದ ಇ. ಎಂ. ಫಾರ್ಸ್ಟರ್ 1913–14ರಲ್ಲಿ ‘ಮಾರಿಸ್’ ಎಂಬ ಕಾದಂಬರಿ ಬರೆದರು. ಅದರಲ್ಲಿ ಇಬ್ಬರು ಗಂಡಸರು ಪರಸ್ಪರ ಪ್ರೀತಿಸಿ ಕೊನೆಗೆ ಒಂದಾಗುತ್ತಾರೆ. ಸುಖಾಂತ್ಯ ಇರಲೇಬೇಕೆಂದು ಫಾರ್ಸ್ಟರ್ ಹಟ ಹಿಡಿದಿದ್ದರು. ದುಃಖದಲ್ಲಿ ಮುಗಿಸಿದ್ದರೆ ಪ್ರಕಟಣೆ ಸುಲಭವಾಗುತ್ತಿತ್ತು ಎಂಬುದೂ ಅವರಿಗೆ ಗೊತ್ತಿತ್ತು. ಅಂಥ ಪ್ರೇಮ ಇಂಗ್ಲೆಂಡಿನಲ್ಲಿ 1967ರವರೆಗೆ ಅಪರಾಧವಾಗಿತ್ತು. ಪುಸ್ತಕ ಹೊರಬಂದದ್ದು ಲೇಖಕರು ತೀರಿಕೊಂಡ ಮರುವರ್ಷ, 1971ರಲ್ಲಿ.

ನೋಡಿ, ಪ್ರಕಾರದ ಗಡಿ ಎಂದರೆ ಕತೆಯ ಕೊನೆಯಲ್ಲಿ ಯಾರಿಗೆ ಸಂತೋಷ ಸಲ್ಲುತ್ತದೆ ಎಂಬ ತೀರ್ಮಾನವೂ ಹೌದು. ಸೈಕ್ಲೋಸ್ಟೈಲ್ ಹಾಳೆಯಲ್ಲಿ ಓರೆ ಗೀಟು ಹಾಕಿದ ಓದುಗರು ಆ ತೀರ್ಮಾನವನ್ನು ಬೇರೆಯವರಿಗೆ ಬಿಡದೆ ತಮ್ಮ ಕೈಗೆ ತೆಗೆದುಕೊಂಡರು.

ಮುಂದಿನ ಬಾರಿ ಒಂದು ಕಾದಂಬರಿ ನಿಮಗೆ ನಿರಾಸೆ ತಂದರೆ ಒಂದು ಪ್ರಯೋಗ ಮಾಡಿ. ಆ ಪುಸ್ತಕದಿಂದ ನೀವು ಏನನ್ನು ನಿರೀಕ್ಷಿಸಿದ್ದಿರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಆ ನಿರೀಕ್ಷೆ ಹುಟ್ಟಿದ್ದು ಎಲ್ಲಿಂದ? ಮುಖಪುಟದಿಂದಲೋ, ಗೆಳೆಯರ ಮಾತಿನಿಂದಲೋ, ಹಿಂದೆ ಓದಿದ ಪುಸ್ತಕಗಳಿಂದಲೋ? ನಿಮ್ಮ ತರಗತಿಯ ನಾಲ್ವರ ಪಟ್ಟಿಗಳನ್ನು ಹೋಲಿಸಿ ನೋಡಿ. ನಾಲ್ಕರಲ್ಲೂ ಇರುವ ಅಂಶಗಳನ್ನು ಗುರುತು ಮಾಡಿ. ನೀವೇ ಒಂದು ಗಡಿ ಹಾಕಿರುತ್ತೀರಿ.