ಕಣ್ಣಿನ ತಂತಿ ವಾರ್ತೆ

ಕಣ್ಣು ನೋಡುತ್ತದೆ, ಮಿದುಳು ಅರಿಯುತ್ತದೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಈ ಮಾತಿನಲ್ಲಿ ಕಣ್ಣಿಗೆ ಸಲ್ಲಬೇಕಾದ ಗೌರವವು ಪೂರ್ಣವಾಗಿ ಸಂದಿಲ್ಲ. ಕಣ್ಣಿನ ಹಿಂಬದಿಯಲ್ಲಿ ಹರಡಿಕೊಂಡಿರುವ ತೆಳುವಾದ ಪೊರೆಯೇ ಅಕ್ಷಿಪಟ. ಮಾನವನ ಒಂದು ಅಕ್ಷಿಪಟದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ಸುಮಾರು 12 ಕೋಟಿ. ಅಲ್ಲಿಂದ ಮಿದುಳಿಗೆ ಹೊರಡುವ ನರತಂತುಗಳಾದರೋ ಸುಮಾರು 10 ಲಕ್ಷ ಮಾತ್ರ. ಇಷ್ಟೊಂದು ಕೋಶಗಳ ವರದಿಯು ಇಷ್ಟೇ ತಂತುಗಳಲ್ಲಿ ಅಡಕವಾಗಬೇಕಾದರೆ ಯಾವುದನ್ನು ಕಳುಹಿಸಬೇಕು, ಯಾವುದನ್ನು ಬಿಡಬೇಕು? ಈ ಪ್ರಶ್ನೆಗೆ ದಾರಿ ತೋರಿದವರಲ್ಲಿ ಅಗ್ರಗಣ್ಯರು ಅಮೆರಿಕದ ಹಾಲ್ಡನ್ ಕೆಫರ್ ಹಾರ್ಟ್‌ಲೈನ್.

ಹಾರ್ಟ್‌ಲೈನರು ಹುಟ್ಟಿದ್ದು 1903ರಲ್ಲಿ, ಪೆನ್ಸಿಲ್ವೇನಿಯದ ಬ್ಲೂಮ್ಸ್‌ಬರ್ಗ್ ಎಂಬ ಊರಿನಲ್ಲಿ. ತಂದೆ ಜೀವವಿಜ್ಞಾನದ ಅಧ್ಯಾಪಕರು. 1927ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿ ಪಡೆದರೂ ಅವರು ವೈದ್ಯವೃತ್ತಿಯನ್ನು ಹಿಡಿಯಲಿಲ್ಲ. ಜರ್ಮನಿಗೆ ತೆರಳಿ ಹೈಸನ್‌ಬರ್ಗ್ ಮತ್ತು ಸೊಮರ್‌ಫೆಲ್ಡರ ಬಳಿ ಭೌತವಿಜ್ಞಾನವನ್ನು ಅಭ್ಯಸಿಸಿದರು. ಜೀವಕೋಶದ ಭಾಷೆಯನ್ನು ಅರಿಯಲು ವಿದ್ಯುತ್ತನ್ನು ಅಳೆಯುವ ವಿದ್ಯೆಯೂ ಬೇಕೆಂದು ಅವರು ಮನಗಂಡಿದ್ದರು.

ಆದರೆ ಯಾವ ಕಣ್ಣಿನಲ್ಲಿ ಅಳೆಯುವುದು? ಸಾವಿರಾರು ತಂತುಗಳು ಒಟ್ಟಿಗೆ ಮಿಡಿಯುವಾಗ ಸಂತೆಯ ಗದ್ದಲದಂತೆ ಯಾವ ಮಾತೂ ಸ್ಪಷ್ಟವಾಗದು. ಹಾರ್ಟ್‌ಲೈನರು ಆರಿಸಿಕೊಂಡದ್ದು ಕುದುರೆಲಾಳದ ಏಡಿಯೆಂದು ಕರೆಯಲ್ಪಡುವ ಲಿಮ್ಯುಲಸ್ ಎಂಬ ಕಡಲಜೀವಿಯನ್ನು. ಹೆಸರಿಗೆ ಏಡಿಯಾದರೂ ಇದು ಜೇಡಗಳಿಗೆ ಹತ್ತಿರದ ಬಂಧು. ಇದರ ಪಕ್ಕದ ಕಣ್ಣಿನಲ್ಲಿ ಸುಮಾರು ಒಂದು ಸಾವಿರ ಬಿಡಿ ನೇತ್ರಾಂಗಗಳಿವೆ. ಅವುಗಳಿಂದ ಹೊರಡುವ ನರವು ಉದ್ದವಾಗಿದ್ದು, ಎಳೆ ಎಳೆಯಾಗಿ ಬಿಡಿಸಲು ಸುಲಭ.

1932ರಲ್ಲಿ ಹಾರ್ಟ್‌ಲೈನರೂ ಅವರ ಸಹೋದ್ಯೋಗಿ ಕ್ಲಾರೆನ್ಸ್ ಗ್ರಹಾಮರೂ ಇಂಥ ಒಂದೇ ಒಂದು ಎಳೆಯ ವಿದ್ಯುತ್ ಮಿಡಿತಗಳನ್ನು ದಾಖಲೆ ಮಾಡಿದರು. ಎಲ್ಲ ಮಿಡಿತಗಳೂ ಒಂದೇ ಗಾತ್ರದವು. ಬೆಳಕು ಹೆಚ್ಚಿದರೆ ಮಿಡಿತವು ದೊಡ್ಡದಾಗಲಿಲ್ಲ. ಕ್ಷಣಕ್ಕೆ ಬರುವ ಮಿಡಿತಗಳ ಸಂಖ್ಯೆ ಹೆಚ್ಚಿತು. ತಂತಿ ಕಚೇರಿಯ ಕಟಕಟೆಯಂತೆಯೇ, ಅರ್ಥವಿರುವುದು ಸದ್ದಿನ ಜೋರಿನಲ್ಲಲ್ಲ, ಅದರ ಲಯದಲ್ಲಿ.

1938ರಲ್ಲಿ ಅವರು ಕಪ್ಪೆಯ ಕಣ್ಣಿನತ್ತ ತಿರುಗಿದರು. ಅಲ್ಲಿ ಕೆಲವು ತಂತುಗಳು ಬೆಳಕಿರುವವರೆಗೆ ಮಿಡಿದವು. ಕೆಲವು ಬೆಳಕು ಹೊತ್ತಿದಾಗಲೂ ಆರಿದಾಗಲೂ ಕ್ಷಣಕಾಲ ಮಿಡಿದವು. ಮತ್ತೆ ಕೆಲವು ಬೆಳಕು ಆರಿದ ಮೇಲಷ್ಟೇ ಎಚ್ಚೆತ್ತವು. ಕತ್ತಲಾಯಿತೆಂಬುದೂ ಒಂದು ಸುದ್ದಿಯೇ! ಅಂದಮೇಲೆ ಅಕ್ಷಿಪಟವು ಛಾಯಾಚಿತ್ರದ ಫಲಕದಂತಲ್ಲ. ಅದು ಸುದ್ದಿಯನ್ನು ವಿಂಗಡಿಸುವ ಕಚೇರಿ.

ಅವರ ಅತಿಮುಖ್ಯ ಶೋಧಕ್ಕೆ ಎಡೆಮಾಡಿದ್ದು ಒಂದು ಚಿಕ್ಕ ಸಂಗತಿ. ಲಿಮ್ಯುಲಸ್ಸಿನ ಒಂದು ನೇತ್ರಾಂಗದ ಮಿಡಿತಗಳನ್ನು ಎಣಿಸುತ್ತಿದ್ದಾಗ ಪ್ರಯೋಗಾಲಯದ ಬೇರೆ ದೀಪಗಳ ಬೆಳಕು ಕಣ್ಣಿನ ಮೇಲೆ ಬಿದ್ದರೆ ಮಿಡಿತವು ಏರುವ ಬದಲು ಇಳಿಯುತ್ತಿತ್ತು. ಉಪಕರಣದ ದೋಷವೆಂದು ತಳ್ಳಿಹಾಕಬಹುದಾಗಿದ್ದ ವಿಷಯವಿದು. ಹಾರ್ಟ್‌ಲೈನರು ತಳ್ಳಿಹಾಕದೆ ಬೆನ್ನಟ್ಟಿದರು. ಬೆಳಕನ್ನು ಕಂಡ ಪ್ರತಿಯೊಂದು ನೇತ್ರಾಂಗವೂ ತನ್ನ ನೆರೆಯವುಗಳನ್ನು ಅಡಗಿಸುತ್ತದೆ, ತಾನೂ ಅವುಗಳಿಂದ ಅಡಗಿಸಲ್ಪಡುತ್ತದೆ ಎಂದು ತಿಳಿದುಬಂದಿತು. ಇದಕ್ಕೆ ಪಾರ್ಶ್ವನಿರೋಧವೆಂದು ಹೆಸರು. 1950ರ ದಶಕದಲ್ಲಿ ಫ್ಲಾಯ್ಡ್ ರ‍್ಯಾಟ್ಲಿಫರೊಡನೆ ಅವರು ಈ ಪರಸ್ಪರ ಪ್ರಭಾವವನ್ನು ಏಕಕಾಲಿಕ ಸಮೀಕರಣಗಳಲ್ಲಿ ಬರೆದು ತೋರಿಸಿದರು.

ಇದರಿಂದ ಲಾಭವೇನು? ಬೆಳಕು ಕತ್ತಲೆಗಳ ಗಡಿಯಲ್ಲಿ ನಿಂತ ಎರಡು ನೇತ್ರಾಂಗಗಳನ್ನು ಭಾವಿಸಿಕೊಳ್ಳಿ. ಬೆಳಕಿನ ಬದಿಯದಕ್ಕೆ ಒಂದು ಮಗ್ಗುಲಿನ ನೆರೆಯವರು ಮಂಕಾಗಿರುವುದರಿಂದ ನಿರೋಧ ಕಡಿಮೆ. ಅದು ಜೊತೆಯವಕ್ಕಿಂತ ಹೆಚ್ಚು ಮಿಡಿಯುತ್ತದೆ. ಕತ್ತಲ ಬದಿಯದಕ್ಕೆ ಪ್ರಬಲರಾದ ನೆರೆಯವರಿಂದ ನಿರೋಧ ಹೆಚ್ಚು. ಅದು ಇನ್ನಷ್ಟು ಕುಗ್ಗುತ್ತದೆ. ಹೀಗೆ ಗಡಿಯು ಎದ್ದು ಕಾಣುತ್ತದೆ. ವಸ್ತುಗಳನ್ನು ಗುರುತಿಸಲು ಮುಖ್ಯವಾಗಿ ಬೇಕಾದದ್ದು ಈ ಅಂಚೇ ಅಲ್ಲವೇ?

1967ರಲ್ಲಿ ರಾಗ್ನರ್ ಗ್ರಾನಿಟ್ ಮತ್ತು ಜಾರ್ಜ್ ವಾಲ್ಡರೊಂದಿಗೆ ಹಾರ್ಟ್‌ಲೈನರಿಗೆ ನೊಬೆಲ್ ಪಾರಿತೋಷಕ ದೊರೆಯಿತು. 1983ರಲ್ಲಿ ಅವರು ತೀರಿಕೊಂಡರು. ಮಾನವನ ಅಕ್ಷಿಪಟವು ಲಿಮ್ಯುಲಸ್ಸಿನ ಕಣ್ಣಿಗಿಂತ ಬಹಳ ಜಟಿಲವಾದುದು. ಅಲ್ಲಿ ಹಲವು ಬಗೆಯ ಕೋಶಗಳು ಪದರ ಪದರವಾಗಿ ಸಂಕೇತಗಳನ್ನು ತಿದ್ದುತ್ತವೆ. ಆದರೆ ಒಂದು ಕೋಶದ ಮಾತನ್ನು ಅದರ ನೆರೆಯವರ ಮಾತಿನೊಡನೆ ಸೇರಿಸಿಯೇ ಓದಬೇಕೆಂಬ ಪಾಠವನ್ನು ವಿಜ್ಞಾನವು ಮೊದಲು ಕಲಿತದ್ದು ಮರಳಿನಲ್ಲಿ ತೆವಳುವ ಆ ಪ್ರಾಣಿಯ ಕಣ್ಣಿನಿಂದ.