ನಡೆದರೆ ಕಾಲುನೋವೇ? ಯಾವಾಗ ನಿಲ್ಲುತ್ತದೆ, ಗಮನಿಸಿ

ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಹರಕೆ ನಮ್ಮ ಚಾಮರಾಜನಗರ ಜಿಲ್ಲೆಯ ಎಷ್ಟೋ ಮನೆಗಳಲ್ಲಿದೆ. ಹೋಗಿಬಂದ ಮೇಲೆ ಎರಡು ದಿನ ಕಾಲು ನೋಯುವುದು ಸಹಜ. ಆದರೆ ಬೀದಿ ಕೊನೆಯ ಅಂಗಡಿಗೆ ಹೋಗುವಷ್ಟರಲ್ಲೇ ಕಾಲು ಹಿಡಿದುಕೊಂಡರೆ ಅದು ಬೇರೆ ವಿಷಯ. ಗುಂಡ್ಲುಪೇಟೆ ಸುತ್ತಲಿನ ಹಳ್ಳಿಗಳಿಂದ ಬರುವ ಹಿರಿಯರು "ವಯಸ್ಸಾಯ್ತಲ್ಲ ಡಾಕ್ಟ್ರೇ, ಇನ್ನೇನು" ಎನ್ನುತ್ತಾರೆ. ನಾನು ಕೇಳುವುದು ಇಷ್ಟೇ: "ನೋವು ಬಂದಾಗ ಏನು ಮಾಡಿದರೆ ಹೋಗುತ್ತದೆ?" ಅರ್ಧ ರೋಗ ಆ ಉತ್ತರದಲ್ಲೇ ತಿಳಿಯುತ್ತದೆ.

ನಿಂತರೆ ಹೋಗುವ ನೋವು

ಸ್ವಲ್ಪ ದೂರ ನಡೆದ ಮೇಲೆ ಮೀನಖಂಡ ಹಿಂಡಿದಂತಾಗುತ್ತದೆ. ಸುಮ್ಮನೆ ನಿಂತರೂ ಕೆಲವೇ ನಿಮಿಷಗಳಲ್ಲಿ ಹೋಗುತ್ತದೆ. ಮತ್ತೆ ನಡೆದರೆ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಮರಳಿ ಬರುತ್ತದೆ, ಏರುದಾರಿಯಲ್ಲಿ ಇನ್ನೂ ಬೇಗ. ಇದು ಕಾಲಿಗೆ ರಕ್ತ ಒಯ್ಯುವ ನಾಳ ಕಿರಿದಾಗಿರುವ ಲಕ್ಷಣ. ಬೀಡಿ, ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. 1831ರಲ್ಲಿ ಫ್ರಾನ್ಸಿನ ಪಶುವೈದ್ಯ ಬೂಲೆ ಇಂಥ ಕುಂಟುವಿಕೆಯನ್ನು ಕುದುರೆಯಲ್ಲಿ ಗುರುತಿಸಿದ್ದರು. 1858ರಲ್ಲಿ ವೈದ್ಯ ಶಾರ್ಕೋ ಮನುಷ್ಯರಲ್ಲಿ ವಿವರಿಸಿದರು.

ಪತ್ತೆ ಕಷ್ಟವಲ್ಲ. ಪಾದದ ನಾಡಿ ಮುಟ್ಟಿ ನೋಡುತ್ತೇವೆ. ಪಾದದ ಗಂಟಿನ ಬಳಿಯ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ನಾಳದ ತೊಂದರೆಯೆಂದು ತಿಳಿಯುತ್ತೇವೆ. ಇಂಥವರ ಹೃದಯ, ಮಿದುಳಿನ ನಾಳಗಳೂ ಕಿರಿದಾಗಿರಬಹುದು. ಆದ್ದರಿಂದಲೇ ಇದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬಾರದು. ಬೀಡಿ ಬಿಡುವುದೇ ಮೊದಲ ಮದ್ದು. ವೈದ್ಯರ ಸಲಹೆಯಂತೆ ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದೂ ಚಿಕಿತ್ಸೆಯೇ.

ಕೂತರೆ ಹೋಗುವ ನೋವು

ಇಲ್ಲಿ ನಿಂತರೆ ಸಾಲದು, ಕೂರಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು. ಸೊಂಟದಿಂದ ತೊಡೆಗೆ ನೋವು ಇಳಿಯುತ್ತದೆ, ಕಾಲು ಜೋಮು ಹಿಡಿದು ಭಾರವಾಗುತ್ತದೆ. ಬೆನ್ನುಮೂಳೆಯೊಳಗೆ ನರಗಳು ಹಾಯುವ ದಾರಿ ಕಿರಿದಾದಾಗ ಹೀಗಾಗುತ್ತದೆ. ಬಾಗಿದಾಗ ಆ ದಾರಿ ತುಸು ಅಗಲವಾಗುತ್ತದೆ. ಅದಕ್ಕೇ ಇವರಲ್ಲಿ ಅನೇಕರು ನಡೆಯಲಾರದಷ್ಟು ದೂರವನ್ನು ಬಾಗಿ ಸೈಕಲ್ ತುಳಿದು ಹೋಗಿಬರುತ್ತಾರೆ.

ಬೇರೆ ನೋವುಗಳು

ಎದ್ದ ಕೂಡಲೇ ಬಿಗಿತ, ಮೆಟ್ಟಿಲು ಇಳಿಯುವಾಗ ನೋವು ಎಂದರೆ ಮಂಡಿ ಸವೆತವಿರಬಹುದು. ಬೆಳಗಿನ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದರೆ ಅಂಗಾಲಿನ ಪಟ್ಟಿಯ ಊತವಿರಬಹುದು. ಸಕ್ಕರೆ ಕಾಯಿಲೆಯವರಿಗೆ ರಾತ್ರಿ ಮಲಗಿದಾಗಲೂ ಪಾದ ಉರಿಯುವುದು ನರದ ತೊಂದರೆಯಿಂದ. ಮರಗಟ್ಟಿದ ಪಾದಕ್ಕೆ ಬಿಸಿನೀರಿನ ಶಾಖ ಕೊಡಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ.

ಮಕ್ಕಳು ಸಂಜೆ, ರಾತ್ರಿ ಹೊತ್ತು ಎರಡೂ ಕಾಲು ನೋವೆಂದು ಅತ್ತು, ಬೆಳಿಗ್ಗೆ ಓಡಾಡಿಕೊಂಡಿದ್ದರೆ ಸಾಮಾನ್ಯವಾಗಿ ಗಾಬರಿ ಬೇಡ. ಒಂದೇ ಕಾಲು ನೋಯುತ್ತಿದ್ದರೆ, ಕುಂಟುತ್ತಿದ್ದರೆ, ಜ್ವರವಿದ್ದರೆ ತೋರಿಸಿ.

ತಡಮಾಡಬೇಡಿ

ಕಾಲು ಏಕಾಏಕಿ ತಣ್ಣಗಾಗಿ ಬಿಳಿಚಿಕೊಂಡು ನೋಯುವುದು, ಒಂದೇ ಕಾಲು ಇದ್ದಕ್ಕಿದ್ದಂತೆ ಊದಿಕೊಳ್ಳುವುದು, ಕಾಲಿನ ಶಕ್ತಿ ಕುಂದಿ ಮಲಮೂತ್ರದ ಹಿಡಿತ ತಪ್ಪುವುದು: ಇವುಗಳಲ್ಲಿ ಯಾವುದಾದರೂ ಕಂಡರೆ ಆ ಹೊತ್ತೇ ಆಸ್ಪತ್ರೆಗೆ ಹೊರಡಿ. ಪಾದದ ಹುಣ್ಣು ಮಾಯದಿದ್ದರೆ, ಮಲಗಿದಾಗಲೂ ಪಾದ ನೋಯುತ್ತಿದ್ದರೆ ದಿನ ದೂಡಬೇಡಿ. ಗುಂಡ್ಲುಪೇಟೆಯಲ್ಲಿ ತಾಲ್ಲೂಕು ಆಸ್ಪತ್ರೆಯಿದೆ, ಚಾಮರಾಜನಗರದಲ್ಲಿ ಸಿಮ್ಸ್ ಇದೆ.

ಉಳಿದವರು ವೈದ್ಯರ ಬಳಿ ಬರುವ ಮುನ್ನ ಒಂದು ವಾರ ಚೀಟಿಯಲ್ಲಿ ಬರೆದಿಡಿ: ಎಷ್ಟು ಲೈಟುಕಂಬ ದಾಟಿದ ಮೇಲೆ ನೋವು ಬಂತು, ಕಾಲಿನ ಯಾವ ಜಾಗದಲ್ಲಿ, ನಿಂತರೆ ಹೋಯಿತೋ ಕೂತರೆ ಹೋಯಿತೋ. ಅಜ್ಜ, ಅಜ್ಜಿಗೆ ಬರೆಯಲಾಗದಿದ್ದರೆ ಜೊತೆಯಲ್ಲಿ ನಡೆದು ಕಂಬ ಎಣಿಸಲು ಮನೆಯಲ್ಲಿ ಮಕ್ಕಳಿದ್ದಾರಲ್ಲ!