ಬ್ರೌಸರಿನ ಉಪಾಂಗಗಳೂ ಅದರ ಸ್ಥೈರ್ಯವೂ

ಅಂತರ್ಜಾಲದ ಪುಟಗಳನ್ನು ತೆರೆದು ತೋರಿಸುವ ಬ್ರೌಸರಿಗೆ ಹೊರಗಿನಿಂದ ಜೋಡಿಸುವ ಕಿರುತಂತ್ರಾಂಶಗಳಿಗೆ ಆಡ್-ಆನ್‌ಗಳೆಂದು ಹೆಸರು. ಇವನ್ನು ನಾವು ಇಲ್ಲಿ ಉಪಾಂಗಗಳೆಂದು ಕರೆಯುತ್ತೇವೆ. ಜಾಹೀರಾತನ್ನು ತಡೆಯುವುದು, ಪಾಸ್‌ವರ್ಡುಗಳನ್ನು ಕಾಪಾಡುವುದು ಮೊದಲಾದ ಸೌಕರ್ಯಗಳು ಇವುಗಳಿಂದ ಲಭಿಸುತ್ತವೆ. ಸೌಕರ್ಯ ಹೆಚ್ಚಿದಂತೆಲ್ಲ ಸ್ಥೈರ್ಯ ಕುಗ್ಗಲೇಬೇಕೆ? ಈ ಪ್ರಶ್ನೆಯ ವಿವೇಚನೆಗೆ ಫೈರ್‌ಫಾಕ್ಸ್ ಬ್ರೌಸರಿನ ಇತಿಹಾಸವು ತಕ್ಕ ನಿದರ್ಶನ.

2004ರ ನವೆಂಬರಿನಲ್ಲಿ ಅದರ 1.0 ಆವೃತ್ತಿ ಹೊರಬಂದಿತು. ಬ್ರೌಸರಿನ ಒಳಭಾಗಗಳನ್ನೇ ಮುಟ್ಟಿ ಮಾರ್ಪಡಿಸುವ ಸ್ವಾತಂತ್ರ್ಯ ಆಗಿನ ಉಪಾಂಗಗಳಿಗಿತ್ತು. ಆದುದರಿಂದ ಅವುಗಳ ಶಕ್ತಿ ಅಪಾರವಾಗಿತ್ತು. ಅಪಾಯವೂ ಅಷ್ಟೇ ಇತ್ತು. ಒಳಗಿನ ಒಂದು ಭಾಗವನ್ನು ತಿದ್ದಿದರೆ ಅದನ್ನು ಅವಲಂಬಿಸಿದ ಉಪಾಂಗ ಕೆಡುತ್ತಿತ್ತು. ಉಪಾಂಗದಲ್ಲಿ ದೋಷವಿದ್ದರೆ ಇಡೀ ಬ್ರೌಸರು ಕುಸಿಯುವ ಸಂಭವವಿತ್ತು.

2008ರಲ್ಲಿ ಬಂದ ಕ್ರೋಮ್ ಬ್ರೌಸರು ಪುಟಗಳನ್ನು ಬೇರೆ ಬೇರೆ ಪ್ರೊಸೆಸ್‌ಗಳಲ್ಲಿ ನಡೆಸಿ, ಒಂದರ ಪತನವು ಉಳಿದವನ್ನು ತಟ್ಟದಂತೆ ಮಾಡಿತು. ಫೈರ್‌ಫಾಕ್ಸ್ ಇಂತಹ ವಿಭಜನೆಯನ್ನು 2016ರಲ್ಲಿ, 48ನೆಯ ಆವೃತ್ತಿಯಿಂದ, ಕ್ರಮೇಣ ಜಾರಿಗೆ ತಂದಿತು. ಆದರೆ ಪುಟವೂ ಬ್ರೌಸರೂ ಒಂದೇ ಪ್ರೊಸೆಸ್‌ನಲ್ಲಿವೆಯೆಂದು ಭಾವಿಸಿ ರಚಿತವಾಗಿದ್ದ ಹಳೆಯ ಉಪಾಂಗಗಳು ಇದಕ್ಕೆ ತೊಡಕಾದುವು. ಕಡೆಗೆ 2017ರ ನವೆಂಬರ್ 14ರಂದು ಪ್ರಕಟವಾದ 57ನೆಯ ಆವೃತ್ತಿಯು ಹಳೆಯ ಪದ್ಧತಿಯನ್ನು ಕೈಬಿಟ್ಟು, ಗೊತ್ತುಪಡಿಸಿದ ದ್ವಾರಗಳ ಮೂಲಕವೇ ವ್ಯವಹರಿಸುವ ವೆಬ್‌ಎಕ್ಸ್‌ಟೆನ್ಷನ್‌ಗಳನ್ನು ಮಾತ್ರ ಉಳಿಸಿಕೊಂಡಿತು. ಅನೇಕ ಉಪಾಂಗಗಳು ಅಳಿದುವು. ಕೆಲವು ಕುಂದಿದ ಶಕ್ತಿಯೊಡನೆ ಮರಳಿದುವು. ಬಳಕೆದಾರರು ತೆತ್ತ ಈ ಬೆಲೆ ಅಲ್ಪವೆಂದು ನಾವು ಹೇಳಲಾರೆವು.

ಹಾಗೆಂದು ನಿಯಂತ್ರಣವೇ ಸ್ಥೈರ್ಯವಲ್ಲ. ಸುರಕ್ಷತೆಗಾಗಿ ಉಪಾಂಗಗಳಿಗೆ ಡಿಜಿಟಲ್ ಸಹಿಯನ್ನು ಕಡ್ಡಾಯಗೊಳಿಸಲಾಗಿತ್ತಷ್ಟೆ. 2019ರ ಮೇ ತಿಂಗಳ ಆರಂಭದಲ್ಲಿ ಆ ಸಹಿಗಳಿಗೆ ಆಧಾರವಾದ ಒಂದು ಪ್ರಮಾಣಪತ್ರದ ಅವಧಿ ಮುಗಿಯಲು, ನಿರ್ದುಷ್ಟವಾದ ಉಪಾಂಗಗಳೂ ಅಸಂಖ್ಯ ಗಣಕಗಳಲ್ಲಿ ನಿಂತುಹೋದುವು. ಕಾವಲಿನ ವ್ಯವಸ್ಥೆಯೂ ಕೆಡಬಲ್ಲುದೆಂಬುದು ಇದರಿಂದ ಸಿದ್ಧವಾಯಿತು.

ಆದಕಾರಣ ಉಪಾಂಗವೊಂದನ್ನು ಜೋಡಿಸುವ ಮುನ್ನ ಮೂರು ಅಂಶಗಳನ್ನು ಪರಿಶೀಲಿಸುವುದು ಯುಕ್ತ: ಅದರ ಅಗತ್ಯವೆಷ್ಟು, ಅದು ಬೇಡುವ ಅನುಮತಿಗಳು ಅದರ ಕೆಲಸಕ್ಕೆ ತಕ್ಕವೆ, ಅದನ್ನು ಕಾಲಕಾಲಕ್ಕೆ ತಿದ್ದುವವರು ಇದ್ದಾರೆಯೆ. ಬ್ರೌಸರು ತೊಡಕಿದಾಗ ಉಪಾಂಗಗಳನ್ನೆಲ್ಲ ನಿಲ್ಲಿಸಿ, ಒಂದೊಂದಾಗಿ ಮರಳಿ ಚಾಲನೆಗೊಳಿಸಿದರೆ ದೋಷದ ಮೂಲ ಬಹುಮಟ್ಟಿಗೆ ಗೋಚರಿಸುತ್ತದೆ. ಸೌಕರ್ಯವನ್ನು ತ್ಯಜಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಅದಕ್ಕೆ ಕೊಡುವ ಅಧಿಕಾರವು ಅದರ ಕೆಲಸವನ್ನು ಮೀರಬಾರದೆಂಬುದಷ್ಟೇ ಈ ವಿವೇಚನೆಯ ಸಾರ.